ಬಾಣ ಬೇಡ, ಸುಮ್ನೆ ಫೋಟೋಗೆ

ನಮ್ಮ ಶಾಲೆಯಲ್ಲಿದ್ದ ನಾಲ್ಕು ಬಿಲ್ಲುಗಳಲ್ಲಿ ಒಂದು ನಿನ್ನೆ ಬಿರುಕು ಬಿಟ್ಟಿತು. ಮಕ್ಕಳ ಕೈಯಲ್ಲಲ್ಲ, ಮುಖ್ಯ ಅತಿಥಿಗಳ ಕೈಯಲ್ಲಿ.

ಪಿಟಿ ಮೇಷ್ಟ್ರ ಪಾಡು ನಿಮಗೆ ಗೊತ್ತಲ್ವಾ? 40 ನಿಮಿಷದ ಪೀರಿಯಡ್. ಅದನ್ನೂ "ಪೋರ್ಷನ್ ಮುಗಿದಿಲ್ಲ ಸಾರ್" ಅಂತ ಗಣಿತದ ಮೇಡಂ ಆಗಾಗ ಕಿತ್ತುಕೊಳ್ಳುತ್ತಾರೆ. ಸಿಕ್ಕ ದಿನ ಸಾಲು ನಿಲ್ಲಿಸಿ, ಮುಂಗೈಗೆ ಗಾರ್ಡ್ ಕಟ್ಟಿ, 10 ಮೀಟರ್ ದೂರದ ಬೋರ್ಡಿಗೆ ತಲಾ ಮೂರು ಬಾಣ ಬಿಡಿಸುವಷ್ಟರಲ್ಲಿ ಬೆಲ್. ಗುರಿ ತಪ್ಪಿದ ಬಾಣ ಹುಲ್ಲಿನಡಿ ನುಸುಳಿರುತ್ತದೆ. ಅದನ್ನು ಹುಡುಕಲು ಇನ್ನೊಂದು ಪೀರಿಯಡ್ ಬೇಕು. ಒಲಿಂಪಿಕ್ಸ್‌ನಲ್ಲಿ 70 ಮೀಟರ್‌ನಿಂದ ಹೊಡೆಯುತ್ತಾರೆ. ನಮ್ಮಲ್ಲಿ ಅಷ್ಟು ದೂರ ಹೋದರೆ ಪಕ್ಕದವರ ಅಡಿಕೆ ತೋಟ.

ಆದರೆ ಮಕ್ಕಳ ಶಿಸ್ತಿಗೆ ಎರಡು ಮಾತಿಲ್ಲ. ಎರಡು ಸಲ ಸೀಟಿ ಊದಿದರೆ ಗೆರೆಗೆ ಬರುತ್ತಾರೆ, ಒಂದಕ್ಕೆ ಬಾಣ ಬಿಡುತ್ತಾರೆ, ಮೂರಕ್ಕೆ ಹೋಗಿ ಕಿತ್ತು ತರುತ್ತಾರೆ. ಐದು ಊದಿದರೆ ಅಪಾಯ, ಎಲ್ಲ ಅಲ್ಲೇ ನಿಲ್ಲಬೇಕು.

ಕಷ್ಟ ಇರುವುದು ಹೆಡ್‌ಮಾಸ್ಟರರ ಚಟದಲ್ಲಿ. ಯಾರೇ ಬರಲಿ, ಕಾಫಿಗೂ ಮೊದಲು ಮೈದಾನಕ್ಕೆ ಕರೆತಂದು ಕೈಗೆ ಬಿಲ್ಲು ಕೊಡುತ್ತಾರೆ. ಬಂದವರದ್ದೂ ಒಂದೇ ಮಾತು: "ಬಾಣ ಬೇಡ, ಸುಮ್ನೆ ಫೋಟೋಗೆ." ಬಾಣ ಇದ್ದರೆ ಎಳೆದ ಶಕ್ತಿ ಅದರ ಜೊತೆ ಹೋಗುತ್ತದೆ. ಇಲ್ಲದೆ ಬಿಟ್ಟರೆ ಅಷ್ಟೂ ಬಿಲ್ಲಿಗೇ ಬಡಿಯುತ್ತದೆ. ಇದನ್ನು ಬಂದವರಿಗೆಲ್ಲ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಟಂಯ್!

ನಿನ್ನೆಯವರು ಹಾರ, ಶಾಲು, ಮೈಸೂರು ಪೇಟ ಸಮೇತ ನಿಂತರು. ಗಲ್ಲದವರೆಗೆ ಎಳೆಯಬೇಕಾದ ಹೆದೆಯನ್ನು ಕಿವಿ ದಾಟಿಸಿದರು. ಪೇಟ ಕಣ್ಣಿನ ಮೇಲೆ ಜಾರಿತು. ಫೋಟೋಗ್ರಾಫರ್, "ಇನ್ನೂ ಸ್ವಲ್ಪ ಎಳೀರಿ ಸಾರ್" ಅಂದ. ನಾನು ತಡೆಯಲಾರದೆ ಐದು ಸೀಟಿ ಊದಿದೆ. ಇಡೀ ಏಳನೇ ಕ್ಲಾಸು ಕಲ್ಲಾಗಿ ನಿಂತಿತು. ಅತಿಥಿಗಳು ಮಾತ್ರ ಅದು ತಮಗೆ ಕೊಟ್ಟ ಗೌರವ ಅಂದುಕೊಂಡರು. ನಮಸ್ಕಾರ ಮಾಡಲು ಹೆದೆ ಬಿಟ್ಟೇಬಿಟ್ಟರು. ಈ ಸಲ ಟಂಯ್ ಅಲ್ಲ, ಟಕ್. ಜೋರು ಚಪ್ಪಾಳೆ.

"ಹಳೇ ಬಿಲ್ಲು ಇರಬೇಕು ಬಿಡಿ" ಅಂದರು ಹೆಡ್‌ಮಾಸ್ಟರ್.

ಅದು ಇದ್ದುದರಲ್ಲೇ ಹಗುರದ ಬಿಲ್ಲು. ಕಬಡ್ಡಿಗೆ ಯಾವ ತಂಡವೂ ಕರೆಯದ ಒಬ್ಬ ಹುಡುಗಿ ಅದರಲ್ಲೇ ಬೋರ್ಡಿನ ನಟ್ಟನಡುವಿನ ಹಳದಿಗೆ ಹೊಡೆಯುತ್ತಿದ್ದಳು. ಸಂಜೆ ಬಂದು, "ಸಾರ್, ನನ್ನ ಮೂರು ಬಾಣ ಬಾಕಿ ಇತ್ತು" ಅಂದಳು. ಏನು ಹೇಳುವುದು?

ಸೋಮವಾರ ಇನ್ಯಾರೋ ಬರುತ್ತಾರಂತೆ. ಉಳಿದ ಮೂರು ಬಿಲ್ಲುಗಳ ಹೆದೆ ಬಿಚ್ಚಿ ಬೀಗ ಹಾಕಿದ್ದೇನೆ. ಫೋಟೋಗೆ ಲೆಜಿಮ್ ಕೊಡುತ್ತೇನೆ. ನೋಡಲು ಬಿಲ್ಲಿನ ಹಾಗೇ ಇದೆ, ಎಳೆದರೆ ಸದ್ದೂ ಜಾಸ್ತಿ.