ಗುಟ್ಟಿನ ಅಂಗಡಿಗೊಂದು ಬಣ್ಣದ ಬ್ರೋಷರ್

2000ದ ನವೆಂಬರ್‌ನಲ್ಲಿ ಕರಾಚಿಯಲ್ಲಿ ಒಂದು ಮೇಳ ನಡೆಯಿತು. ನಮ್ಮ ಜಿಕೆವಿಕೆ ಕೃಷಿ ಮೇಳದ ಥರವೇ, ಆದರೆ ಟ್ರ್ಯಾಕ್ಟರ್ ನಿಲ್ಲಿಸುವ ಜಾಗದಲ್ಲಿ ಟ್ಯಾಂಕು. ಐಡಿಯಾಸ್ ಅಂತ ಅದರ ಹೆಸರು. ಬೇರೆ ಬೇರೆ ದೇಶದ ಸೇನಾಧಿಕಾರಿಗಳು, ಸೂಟು ಹಾಕಿದ ದಲ್ಲಾಳಿಗಳು, ಪತ್ರಕರ್ತರು ಮಳಿಗೆಯಿಂದ ಮಳಿಗೆಗೆ ಅಡ್ಡಾಡಿ ಕ್ಯಾಟಲಾಗ್ ಸಂಗ್ರಹಿಸುತ್ತಿದ್ದರು. ಅಲ್ಲೊಂದು ಮಳಿಗೆ ಖಾನ್ ರಿಸರ್ಚ್ ಲ್ಯಾಬೊರೇಟರೀಸ್‌ನದು. ಪಾಕಿಸ್ತಾನದ ಅಣುಬಾಂಬಿಗೆ ಬೇಕಾದ ಯುರೇನಿಯಂ ತಯಾರಾದದ್ದು ಇವರ ಕಹುಟಾ ಕಾರ್ಖಾನೆಯಲ್ಲೇ. ಇವರೂ ಎಲ್ಲರಂತೆ ಬ್ರೋಷರ್ ಹಂಚಿದರು. ಯುರೇನಿಯಂ ಅನಿಲವನ್ನು ಗರಗರ ತಿರುಗಿಸಿ ಬಾಂಬಿಗೆ ಬೇಕಾದ ಭಾಗವನ್ನು ಬೇರೆ ಮಾಡುವ ಸೆಂಟ್ರಿಫ್ಯೂಜ್ ಯಂತ್ರ, ಅದಕ್ಕೆ ಬೇಕಾದ ವ್ಯಾಕ್ಯೂಮ್ ಉಪಕರಣ, ಎಲ್ಲ ಅದರಲ್ಲಿತ್ತು. ಇವನ್ನೆಲ್ಲ ನಿಜವಾಗಲೂ ಮಾರುತ್ತೀರಾ ಅಂತ ಒಬ್ಬ ಪತ್ರಕರ್ತ ಕೇಳಿದರೆ, ಪಟ್ಟಿಯಲ್ಲಿ ಇರುವುದೆಲ್ಲ ಮಾರಾಟಕ್ಕೇ ಇದೆ ಅನ್ನೋ ಅರ್ಥದ ಉತ್ತರ ಸಿಕ್ಕಿತು.

ಅದಕ್ಕೂ ಕೆಲವು ತಿಂಗಳ ಹಿಂದೆ, ಅದೇ ವರ್ಷ ಜುಲೈನಲ್ಲಿ, ಪಾಕಿಸ್ತಾನದ ವಾಣಿಜ್ಯ ಇಲಾಖೆ ಪೇಪರಿನಲ್ಲಿ ಜಾಹೀರಾತು ಕೊಟ್ಟಿತ್ತು. ಅಣು ಸಾಮಗ್ರಿ ರಫ್ತು ಮಾಡುವವರು ಪರವಾನಗಿಗೆ ಹೀಗೆ ಅರ್ಜಿ ಹಾಕಬೇಕು ಅಂತ. ಕೆಳಗೆ ಅರ್ಜಿಯ ಫಾರಂ. ಸಾಮಗ್ರಿಗಳ ಪಟ್ಟಿಯಲ್ಲಿ ಸಮೃದ್ಧಗೊಳಿಸಿದ ಯುರೇನಿಯಂ, ಪ್ಲುಟೋನಿಯಂ, ಭಾರಜಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಪುಟ ತಿರುಗಿಸಿದವನಿಗೆ ಒಂದು ಕಡೆ ಸೈಟು ಮಾರಾಟಕ್ಕಿದೆ, ಇನ್ನೊಂದು ಕಡೆ ಪ್ಲುಟೋನಿಯಂ. ಜಗತ್ತು ಹುಬ್ಬೇರಿಸಿದ ಮೇಲೆ ಜಾಹೀರಾತು ವಾಪಸ್ಸಾಯಿತು.

ಮೂರೂವರೆ ವರ್ಷದ ನಂತರ, 2004ರ ಫೆಬ್ರವರಿ 4ರಂದು, ಆ ಲ್ಯಾಬನ್ನು ಕಟ್ಟಿದ ವಿಜ್ಞಾನಿ ಡಾ. ಅಬ್ದುಲ್ ಖದೀರ್ ಖಾನ್ ಟಿವಿಯಲ್ಲಿ ಕೂತು ತಪ್ಪಾಯ್ತು ಅಂದರು. ಅದೂ ಉರ್ದುವಿನಲ್ಲಲ್ಲ, ಇಂಗ್ಲಿಷಿನಲ್ಲಿ. ಕ್ಷಮೆ ಯಾರಿಗೆ ತಲುಪಬೇಕಿತ್ತೋ ಅವರಿಗೆ ಅರ್ಥವಾಗಬೇಕಲ್ಲ! ಮರುದಿನವೇ ಪಾಕಿಸ್ತಾನದ ಅಧ್ಯಕ್ಷ ಜನರಲ್ ಮುಷರಫ್ ಕ್ಷಮಿಸಿಬಿಟ್ಟರು. ಇರಾನ್, ಲಿಬಿಯಾ, ಉತ್ತರ ಕೊರಿಯಾಕ್ಕೆ ಅಣು ತಂತ್ರಜ್ಞಾನ ಹೋಗಿತ್ತು ಅಂತ ಗೊತ್ತಾಗಿ ಜಗತ್ತಿಗೆ ಆಘಾತವಾಯಿತು. ಎಲ್ಲ ಪತ್ರಿಕೆಗಳೂ ಒಂದೇ ಮಾತು ಬರೆದವು: ರಹಸ್ಯ ಜಾಲ. ಬ್ರೋಷರ್ ಹಂಚಿ, ಪೇಪರಿನಲ್ಲಿ ಫಾರಂ ಹಾಕಿದರೂ ರಹಸ್ಯ ಉಳಿಯುತ್ತದೆ ಅಂದರೆ ಅದನ್ನು ಕಾಪಾಡಿದವರಿಗೆ ಒಂದು ಪ್ರಶಸ್ತಿ ಕೊಡಲೇಬೇಕು.

ಆಮೇಲೆ ಸಂಶೋಧಕರ ಸುಗ್ಗಿ ಶುರುವಾಯಿತು. ಲಂಡನ್, ವಾಷಿಂಗ್‌ಟನ್, ವಿಯೆನ್ನಾ, ಎಲ್ಲ ಕಡೆ ಸೆಮಿನಾರು. ಅಲ್ಲಿ ತಪ್ಪದೇ ತೋರಿಸುವ ಒಂದು ಸ್ಲೈಡ್ ಇರುತ್ತದೆ. ನಡುವೆ ದುಬೈ ಅಂತ ಒಂದು ಚೌಕ. ಅಲ್ಲಿಂದ ಮಲೇಷ್ಯಾಕ್ಕೆ ಬಾಣ, ಟರ್ಕಿಗೆ ಬಾಣ, ಸ್ವಿಟ್ಜರ್ಲೆಂಡಿಗೆ, ಜರ್ಮನಿಗೆ, ದಕ್ಷಿಣ ಆಫ್ರಿಕಾಕ್ಕೆ. ಕೊನೆಗೆ ಎಲ್ಲ ಸೇರಿ ಲಿಬಿಯಾದ ರಾಜಧಾನಿ ಟ್ರಿಪೋಲಿಗೆ ಒಂದು ದಪ್ಪ ಬಾಣ. ಚಿತ್ರ ಚೆನ್ನಾಗಿದೆ. ಆದರೆ ಗಮನಿಸಿ, ರಾವಲ್ಪಿಂಡಿಯ ಸೇನಾ ಪ್ರಧಾನ ಕಚೇರಿಗೆ ಅದರಲ್ಲಿ ಚೌಕ ಇರುವುದು ಕಡಿಮೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗಂತೂ ಚೌಕವೇ ಇಲ್ಲ, ಪಾಪ, ಅವರು ನೋಡುತ್ತಾ ಇದ್ದವರು ಮಾತ್ರ. ಶೀರ್ಷಿಕೆ ಸಾಮಾನ್ಯವಾಗಿ ‘ಸರ್ಕಾರೇತರ ಶಕ್ತಿಗಳ ಜಾಲ’. ಲ್ಯಾಬು ಸರ್ಕಾರದ್ದು, ಸಂಬಳ ಸರ್ಕಾರದ್ದು, ಕಾವಲಿಗೆ ಸೈನ್ಯ. ಲ್ಯಾಬಿನ ಒಂದು ಬ್ರೋಷರ್ ಮೇಲಂತೂ ಖಾನ್ ಫೋಟೊ ಜೊತೆಗೆ ‘ಪಾಕಿಸ್ತಾನ ಸರ್ಕಾರ’ ಅನ್ನೋ ಮುದ್ರೆಯೇ ಇತ್ತು. ಇಷ್ಟೆಲ್ಲ ಇದ್ದೂ ಸರ್ಕಾರೇತರ ಅನ್ನಿಸಿಕೊಳ್ಳೋಕೆ ಯೋಗ ಬೇಕು.

ಇನ್ನೊಂದು ಮಜಾ ಇದೆ. ಖಾನ್ ಅವರೇ ಒಬ್ಬ ಸಂಶೋಧಕರು. ಬೆಲ್ಜಿಯಂನ ಲೂವೆನ್‌ನಲ್ಲಿ ಲೋಹವಿಜ್ಞಾನದಲ್ಲಿ ಪಿಎಚ್‌ಡಿ, 1972. ಎಂಬತ್ತರ ದಶಕದ ಕೊನೆಯಿಂದ ಅವರೂ ಅವರ ಸಹೋದ್ಯೋಗಿಗಳೂ ಸೆಂಟ್ರಿಫ್ಯೂಜ್ ಬಗ್ಗೆ ಜರ್ನಲ್‌ಗಳಲ್ಲಿ ಪೇಪರ್ ಪ್ರಕಟಿಸಿದರು. ವೇಗವಾಗಿ ತಿರುಗುವ ಕೊಳವೆ ಅಲುಗಾಡದಂತೆ ತೂಕ ಹೊಂದಿಸುವುದು, ಅದಕ್ಕೆ ಬಳಸುವ ವಿಶೇಷ ಉಕ್ಕು, ಇಂಥ ವಿಷಯಗಳು. 1989ರಿಂದ ಲ್ಯಾಬಿನವರು ಸುಧಾರಿತ ಲೋಹ, ಸಾಮಗ್ರಿಗಳ ಬಗ್ಗೆ ಅಂತರರಾಷ್ಟ್ರೀಯ ವಿಚಾರ ಸಂಕಿರಣ ಬೇರೆ ನಡೆಸಿದರು. ಹೊರದೇಶದ ವಿದ್ವಾಂಸರನ್ನು ಕರೆಸಿದರು. ನಾವು ಇದನ್ನು ಮಾಡಿದ್ದೇವೆ, ನಮ್ಮ ಹತ್ತಿರ ಇದಿದೆ ಅಂತ ಹೇಳೋಕೆ ಇದಕ್ಕಿಂತ ಮರ್ಯಾದಸ್ತ ದಾರಿ ಯಾವುದಿದೆ? ಕಳ್ಳಸಾಗಣೆಯ ಮೇಲೆ ಪೇಪರ್ ಬರೆದವರಿಗಿಂತ ಮೊದಲೇ ಕಳ್ಳಸಾಗಣೆ ಮಾಡಿದವರು ಪೇಪರ್ ಬರೆದಾಗಿತ್ತು. ಎರಡೂ ಒಂದೇ ಲೈಬ್ರರಿಯ ಬೇರೆ ಬೇರೆ ಕಪಾಟಿನಲ್ಲಿ ಕೂತಿರಬೇಕು.

ಕಥೆಯ ಬೇರು ಹಾಲೆಂಡಿನಲ್ಲಿದೆ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಎಪ್ಪತ್ತರ ದಶಕದಲ್ಲಿ ಖಾನ್ ಆಮ್‌ಸ್ಟರ್‌ಡ್ಯಾಂನ ಎಫ್‌ಡಿಓ ಎಂಬ ಸಂಸ್ಥೆಯಲ್ಲಿದ್ದರು. ಬ್ರಿಟನ್, ಜರ್ಮನಿ, ಹಾಲೆಂಡ್ ಸೇರಿ ಕಟ್ಟಿದ, ಸೆಂಟ್ರಿಫ್ಯೂಜಿನಲ್ಲಿ ಯುರೇನಿಯಂ ತಯಾರಿಸುವ ಯುರೆಂಕೊ ಕಂಪನಿಗೆ ಅದು ಕೆಲಸ ಮಾಡಿಕೊಡುತ್ತಿತ್ತು. 1974ರ ಮೇನಲ್ಲಿ ಭಾರತ ಪೋಖರಣ್‌ನಲ್ಲಿ ಸ್ಫೋಟ ನಡೆಸಿತು. ಆ ವರ್ಷವೇ ಖಾನ್ ಬಾಂಬಿಗೆ ನೆರವಾಗುತ್ತೇನೆ ಅಂತ ಪಾಕಿಸ್ತಾನದ ಪ್ರಧಾನಿ ಭುಟ್ಟೋಗೆ ಕಾಗದ ಬರೆದರು. ಅದೇ ವರ್ಷ ಜರ್ಮನ್ ಸೆಂಟ್ರಿಫ್ಯೂಜಿನ ಗುಟ್ಟಿನ ದಾಖಲೆಗಳನ್ನು ಡಚ್ಚಿಗೆ ಅನುವಾದಿಸುವ ಕೆಲಸ ಇವರಿಗೇ ಬಂತು. ಯುರೆಂಕೊದ ಆಲ್ಮೆಲೊ ಕಾರ್ಖಾನೆಯಲ್ಲಿ 16 ದಿನ ಕೂತು ಮಾಡಿದರು. ಫ್ರಿಟ್ಸ್ ವೇರ್ಮನ್ ಅನ್ನೋ ಫೋಟೊಗ್ರಾಫರ್ ಸಹೋದ್ಯೋಗಿ ಇವರ ಮನೆಗೆ ಹೋದಾಗ ಅಲ್ಲಿ ಸೆಂಟ್ರಿಫ್ಯೂಜ್ ನಕ್ಷೆಗಳನ್ನು ಕಂಡು ಗಾಬರಿಯಾದ. ಮೇಲಿನವರಿಗೆ ಹೇಳಿದ. ಹೇಳಿದ್ದರ ಫಲ ಏನಾಯ್ತು ಅಂದರೆ, ಖಾನ್ 1975ರ ಡಿಸೆಂಬರ್‌ನಲ್ಲಿ ಹಾಯಾಗಿ ಊರಿಗೆ ಹೋದರು, ಕೆಲಸ ಕಳೆದುಕೊಂಡದ್ದು ವೇರ್ಮನ್. ಅವನಿಗೆ ಅನ್ಯಾಯವಾಗಿದೆ ಅಂತ ಡಚ್ ಸಂಸ್ಥೆಯೊಂದು ಒಪ್ಪಿಕೊಂಡಾಗ ಇಸವಿ 2020.

ಖಾನ್‌ರನ್ನು ಹಿಡಿಯಬಹುದಿತ್ತಲ್ವಾ? ಹಾಲೆಂಡಿನ ಮಾಜಿ ಪ್ರಧಾನಿ ರೂಡ್ ಲುಬರ್ಸ್ 2005ರಲ್ಲಿ ಹೇಳಿದ ಪ್ರಕಾರ, ಹಿಡಿಯಬೇಡಿ, ನಾವು ಅವನನ್ನು ಗಮನಿಸುತ್ತಿದ್ದೇವೆ ಅಂತ ಸಿಐಎ ಎರಡು ಸಲ ಕೇಳಿಕೊಂಡಿತ್ತು. ಗಮನಿಸಿದರು. ಮೂವತ್ತು ವರ್ಷ ಹತ್ತಿರ ಗಮನಿಸಿದರು. 1983ರಲ್ಲಿ ಆಮ್‌ಸ್ಟರ್‌ಡ್ಯಾಂ ಕೋರ್ಟು ಖಾನ್ ಗೈರುಹಾಜರಿಯಲ್ಲೇ ನಾಲ್ಕು ವರ್ಷ ಜೈಲು ಅಂದಿತು. ಎರಡು ವರ್ಷದಲ್ಲಿ ಆ ತೀರ್ಪು ಬಿದ್ದುಹೋಯಿತು. ಕಾರಣ? ಸಮನ್ಸ್ ಸರಿಯಾಗಿ ಜಾರಿ ಆಗಿರಲಿಲ್ಲ. ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಜಮೀನು ವ್ಯಾಜ್ಯ ನಡೆಸಿದವರಿಗೆ ಇದು ಹೊಸದಲ್ಲ, ಆದರೆ ಅಣುಬಾಂಬಿನ ಕೇಸಿಗೂ ಅದೇ ಗತಿ ಅಂದರೆ ಸಮಾಧಾನವಾಗುತ್ತದೆ. ಮುಂದೆ ಆ ಕೇಸಿನ ಕಡತಗಳೂ ಕೋರ್ಟಿನಿಂದ ಮಾಯವಾಗಿವೆ ಅಂತ 2005ರಲ್ಲಿ ಸುದ್ದಿ ಬಂತು. ಶಿಕ್ಷೆ ಕೊಟ್ಟ ನ್ಯಾಯಾಧೀಶರೇ ಹೇಳಿದ ಮಾತು.

ಅಮೆರಿಕದ ಲೆಕ್ಕಾಚಾರ ಇನ್ನೂ ಸೊಗಸು. 1985ರಲ್ಲಿ ಪ್ರೆಸ್ಲರ್ ತಿದ್ದುಪಡಿ ಅಂತ ಬಂತು. ಪಾಕಿಸ್ತಾನದ ಹತ್ತಿರ ಅಣುಬಾಂಬ್ ಇಲ್ಲ ಅಂತ ಅಧ್ಯಕ್ಷರು ಪ್ರತಿ ವರ್ಷ ಬರೆದುಕೊಡಬೇಕು, ಆಗ ಮಾತ್ರ ನೆರವು. ಅಧ್ಯಕ್ಷರು ಬರೆದುಕೊಟ್ಟರು. 1987ರಲ್ಲಿ ಖಾನ್ ಸ್ವತಃ ನಮ್ಮ ಪತ್ರಕರ್ತ ಕುಲದೀಪ್ ನಯ್ಯರ್ ಅವರಿಗೆ ಸಂದರ್ಶನ ಕೊಟ್ಟು ಬಾಂಬ್ ಇದೆ ಅನ್ನೋ ಹಾಗೆ ಮಾತಾಡಿದರು. ಆ ವರ್ಷವೂ ಸರ್ಟಿಫಿಕೇಟ್ ಬಂತು. 1989ರಲ್ಲಿ ಸೋವಿಯತ್ ಸೈನ್ಯ ಆಫ್ಘಾನಿಸ್ತಾನ ಬಿಟ್ಟಿತು, ಅದರ ವಿರುದ್ಧ ಅಮೆರಿಕಕ್ಕೆ ಪಾಕಿಸ್ತಾನದ ನೆರವು ಬೇಕಿದ್ದ ಕಾಲ ಮುಗಿಯಿತು. 1990ರಲ್ಲಿ ಅಧ್ಯಕ್ಷ ಬುಷ್ ಕಣ್ಣಿಗೆ ಬಾಂಬ್ ಥಟ್ಟನೆ ಕಾಣಿಸಿತು, ಸರ್ಟಿಫಿಕೇಟ್ ನಿಂತಿತು. ಆಫ್ಘಾನಿಸ್ತಾನದ ಧೂಳು ಕಣ್ಣಿಗೆ ಅಡ್ಡ ಇತ್ತು ಅಂತ ಕಾಣುತ್ತೆ.

ಈ ಇಡೀ ವ್ಯವಹಾರದಲ್ಲಿ ಅನುಮಾನಪಟ್ಟವರು ಯಾರು ಗೊತ್ತಾ? ಸದ್ದಾಂ ಹುಸೇನ್ ಕಡೆಯವರು. 1990ರಲ್ಲಿ ಖಾನ್ ಹೆಸರು ಹೇಳಿಕೊಂಡು ಒಬ್ಬ ಮಧ್ಯವರ್ತಿ ಇರಾಕಿಗೆ ಬಾಂಬಿನ ವಿನ್ಯಾಸ ಕೊಡುತ್ತೇವೆ ಅಂತ ಹೇಳಿಕಳಿಸಿದ. ಇರಾಕಿಗಳು ಇದು ಯಾರೋ ಹಾಕಿದ ಬಲೆ ಇರಬೇಕು ಅಂದುಕೊಂಡರು. ಇಷ್ಟು ಸಲೀಸಾಗಿ ಯಾರು ಕೊಡುತ್ತಾರೆ! ಅಷ್ಟು ದೊಡ್ಡ ಜಾಗತಿಕ ಗುಪ್ತಚರ ವ್ಯವಸ್ಥೆಯಲ್ಲಿ ವಿವೇಕ ಅನ್ನೋದು ಕೊನೆಗೆ ಬಾಗ್ದಾದಿನ ಒಂದು ಆಫೀಸಿನಲ್ಲಿ ಸಿಕ್ಕಿತು.

ಲಿಬಿಯಾದವರು ಅಷ್ಟು ಯೋಚಿಸಲಿಲ್ಲ. 10,000 ಸೆಂಟ್ರಿಫ್ಯೂಜ್‌ಗೆ ಆರ್ಡರ್ ಕೊಟ್ಟರು. ಬಿಡಿಭಾಗಗಳು ಮಲೇಷ್ಯಾದ ಶಾ ಆಲಂನ ಒಂದು ವರ್ಕ್‌ಶಾಪಿನಲ್ಲಿ ತಯಾರಾದವು. 2003ರ ಅಕ್ಟೋಬರ್‌ನಲ್ಲಿ ‘ಬಿಬಿಸಿ ಚೈನಾ’ ಅನ್ನೋ ಹಡಗನ್ನು ಇಟಲಿಯ ತರಾಂತೊ ಬಂದರಿಗೆ ತಿರುಗಿಸಿ ತಪಾಸಣೆ ಮಾಡಿದಾಗ ಐದು ಕಂಟೇನರ್ ಸಿಕ್ಕವು. ಎರಡು ತಿಂಗಳಲ್ಲಿ ಗಡಾಫಿ ಕೈ ಎತ್ತಿದರು. ಆಮೇಲೆ ಬಾಂಬಿನ ನಕ್ಷೆಗಳನ್ನೂ ಒಪ್ಪಿಸಿದರು. ಆ ನಕ್ಷೆಗಳು ಬಂದದ್ದು ಇಸ್ಲಾಮಾಬಾದಿನ ಒಬ್ಬ ದರ್ಜಿಯ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ. ಅಂಗಡಿಯ ಹೆಸರು ‘ಗುಡ್ ಲುಕ್ಸ್’. ಅಳತೆ ಕೊಟ್ಟರೆ ಸಾಕು, ಸೂಟೋ ಬಾಂಬೋ ಹೊಲಿದು ಕೊಡುತ್ತಿದ್ದರು ಅಂತ ಕಾಣುತ್ತೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಎಲ್‌ಬರಾದಿ ಈ ಜಾಲವನ್ನು ವಾಲ್‌ಮಾರ್ಟ್‌ಗೆ ಹೋಲಿಸಿದರು. ಅದು ವಾಲ್‌ಮಾರ್ಟ್‌ಗೆ ಮಾಡಿದ ಅವಮಾನ, ಅಲ್ಲಿ ಬಿಲ್ಲಾದರೂ ಕೊಡುತ್ತಾರೆ.

ಸ್ವಿಸ್ ಸರ್ಕಾರದ್ದು ಬೇರೆಯೇ ಪ್ರಹಸನ. ಜಾಲದಲ್ಲಿದ್ದ ಟಿನ್ನರ್ ಕುಟುಂಬದ ಹತ್ತಿರ ಸಿಕ್ಕ ದಾಖಲೆಗಳನ್ನು, ವಿಚಾರಣೆ ಮುಗಿಯುವ ಮೊದಲೇ, 2007ರಲ್ಲಿ ನಾಶಮಾಡಿದರು. ಅಪಾಯಕಾರಿ ಅಂತ. 2009ರಲ್ಲಿ ನೋಡಿದರೆ ಪ್ರಾಸಿಕ್ಯೂಟರ್ ಕಚೇರಿಯಲ್ಲಿ ಕೆಲವುದರ ಝೆರಾಕ್ಸ್ ಇದ್ದವು. ದೇಶ ಯಾವುದಾದರೂ ಗುಮಾಸ್ತ ಗುಮಾಸ್ತನೇ, ಒಂದು ಕಾಪಿ ಇಟ್ಟುಕೊಂಡಿರುತ್ತಾನೆ.

ಖಾನ್ ಗೃಹಬಂಧನದಲ್ಲಿದ್ದರು, 2009ರಲ್ಲಿ ಕೋರ್ಟು ಬಿಡುಗಡೆ ಮಾಡಿತು. 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದ ಅಂತ್ಯಕ್ರಿಯೆ, ಬಾವುಟ ಅರ್ಧಕ್ಕೆ. ಸರ್ಕಾರೇತರ ಶಕ್ತಿಗೆ ಇಷ್ಟು ಸರ್ಕಾರಿ ಮರ್ಯಾದೆ ಸಿಕ್ಕಿದ್ದರ ಮೇಲೆ ಇನ್ನೊಂದು ಸೆಮಿನಾರ್ ಮಾಡಬಹುದು.

ನೆರೆಯವರ ಕಥೆ ಓದಿ ನಗುವುದು ಸುಲಭ, ಅದಕ್ಕೇ ಮೈಸೂರಿನ ವಿಷಯ ಹೇಳದೆ ಬಿಡಬಾರದು. ಮೈಸೂರಿನ ಹತ್ತಿರ ರತ್ನಹಳ್ಳಿಯಲ್ಲಿ ನಮ್ಮದೂ ಒಂದು ಸೆಂಟ್ರಿಫ್ಯೂಜ್ ಕಾರ್ಖಾನೆ ಇದೆ, ರೇರ್ ಮೆಟೀರಿಯಲ್ಸ್ ಪ್ಲಾಂಟ್. ಅದಕ್ಕೆ ಬೇಕಾದ ಸಾಮಾನಿಗೆ ಇಂಡಿಯನ್ ರೇರ್ ಅರ್ಥ್ಸ್ ಎಂಬ ಸರ್ಕಾರಿ ಕಂಪನಿ ಪೇಪರಿನಲ್ಲಿ ಟೆಂಡರ್ ಕರೆಯುತ್ತಿತ್ತು. ವಾಷಿಂಗ್‌ಟನ್‌ನಲ್ಲಿ ಡೇವಿಡ್ ಆಲ್‌ಬ್ರೈಟ್ ಅವರ ಸಂಶೋಧನಾ ಸಂಸ್ಥೆಯೊಂದಿದೆ. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿದರೆ ಐಸಿಸ್ ಆಗುತ್ತದೆ. ಅದನ್ನು ಇಟ್ಟಾಗ ಇನ್ನೊಂದು ಐಸಿಸ್ ಹುಟ್ಟಿರಲಿಲ್ಲ, ಅವರ ಗ್ರಹಚಾರ. ಇವರು ಆ ಟೆಂಡರ್ ದಾಖಲೆಗಳನ್ನು ಸುಮ್ನೆ ದುಡ್ಡು ಕೊಟ್ಟು ತರಿಸಿಕೊಂಡರು. ಒಳಗೆ ಸೆಂಟ್ರಿಫ್ಯೂಜ್ ಭಾಗಗಳ ವಿವರವಾದ ಡ್ರಾಯಿಂಗ್ ಇದ್ದವು ಅಂತ 2006ರ ಮಾರ್ಚ್‌ನಲ್ಲಿ ವರದಿ ಬರೆದರು. ಅಷ್ಟೇ ಸಾಲದು ಅಂತ ಮುಂದೆ ಉಪಗ್ರಹದ ಚಿತ್ರ ತೆಗೆದು ರತ್ನಹಳ್ಳಿಯ ಶೆಡ್ಡುಗಳನ್ನು ಅಳೆದರು.

ಅದೇ ಶೆಡ್ಡಿನ ಬಗ್ಗೆ ಮೈಸೂರಿನವನೊಬ್ಬ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿ ನೋಡೋಣ. ಸೆಕ್ಷನ್ 8(1)(ಎ) ತೋರಿಸಿ, ದೇಶದ ಭದ್ರತೆಯ ವಿಷಯ, ಕೊಡಲಾಗದು ಅಂತ ಹಿಂಬರಹ ಬರೆಯುತ್ತಾರೆ. ಟೆಂಡರ್ ಫಾರಂ ಕೊಳ್ಳುತ್ತೇನೆ ಅಂದಿದ್ದರೆ ರಸೀದಿಯನ್ನೂ ಕೊಡುತ್ತಿದ್ದರು.