ಬೆಂಚಿಗೆ ಟಾರ್ಪಾಲ್ ಹೊದಿಸಿ ಕೊಲ್ಲುವ ಕ್ರಮ

ಮೃಗಶಿರಾ ಮಳೆ ಹಿಡಿದು ಇನ್ನೂ ವಾರ ಆಗಿಲ್ಲ. ತೀರ್ಥಹಳ್ಳಿ ಕಡೆಯ ಒಂದು ಮನೆಯ ಅಂಗಳದಲ್ಲಿ ಹೊಚ್ಚಹೊಸ ತೇಗದ ಬೆಂಚು, ಎರಡು ಕುರ್ಚಿ, ನಡುವೆ ಒಂದು ಟೀಪಾಯಿ. ಎಲ್ಲದಕ್ಕೂ ಸೇರಿಸಿ ಒಂದೇ ನೀಲಿ ಟಾರ್ಪಾಲು. ನೆಲದವರೆಗೆ ಇಳಿಬಿಟ್ಟು, ನಾಲ್ಕೂ ಮೂಲೆಗೆ ಜಂಬಿಟ್ಟಿಗೆ ಹೇರಿ, ಮೇಲಿಂದ ನೈಲಾನ್ ಹಗ್ಗ ಬಿಗಿದಿದ್ದಾರೆ. ಹೆಣವನ್ನೂ ಇಷ್ಟು ಬಿಗಿಯಾಗಿ ಕಟ್ಟುವುದಿಲ್ಲ ಮಾರಾಯ್ರೆ! ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಅಲ್ಲಿ ಹೇಗೋ ಸುಮ್ಮನಿದ್ದೆ, ಇಲ್ಲಿ ಆಗುವುದಿಲ್ಲ.

ಮರ ನೆನೆದರೆ ಕೆಡುವುದಿಲ್ಲ, ನೆನೆದದ್ದು ಆರದಿದ್ದರೆ ಕೆಡುತ್ತದೆ. ಕೊಳೆಸುವ ಶಿಲೀಂಧ್ರಕ್ಕೆ ಮರದೊಳಗೆ ತೇವ ಬೇಕು, ಅದು ಶೇ. 20ಕ್ಕಿಂತ ಕೆಳಗಿದ್ದರೆ ಅದರ ಆಟ ನಡೆಯದು. ತೆರೆದಿಟ್ಟ ಬೆಂಚು ಮಧ್ಯಾಹ್ನ ಎರಡು ತಾಸು ಮಳೆ ನಿಂತು ಹೊಳವಾದರೂ ಒಂದಿಷ್ಟು ಆರಿಕೊಳ್ಳುತ್ತದೆ. ಟಾರ್ಪಾಲಿನ ಒಳಗೆ ಹೊಳವು ಎಂಬುದೇ ಇಲ್ಲ. ಹಸಿ ನೆಲದಿಂದ ಎದ್ದ ಆವಿ ರಾತ್ರಿ ತಣ್ಣನೆಯ ಪ್ಲಾಸ್ಟಿಕ್ಕಿಗೆ ತಾಗಿ, ಹನಿಯಾಗಿ, ಬೆಂಚಿನ ಮೇಲೇ ಬೀಳುತ್ತದೆ. ಸೆಪ್ಟೆಂಬರಿನಲ್ಲಿ ಬಿಚ್ಚಿದಾಗ ಮೇಲೆಲ್ಲ ಬಿಳಿ ಬೂಷ್ಟು, ಹಲಗೆ ಸೇರುವ ಸಂದಿನಲ್ಲಿ ಕಪ್ಪು, ಕಾಲಿನ ಬುಡಕ್ಕೆ ಉಗುರು ಊರಿದರೆ ಒಳಗೆ ಇಳಿಯುತ್ತದೆ. ಆಮೇಲೆ ಬೈಗುಳ ತಿನ್ನುವವರು ಮಾತ್ರ ಮರಗೆಲಸದ ಆಚಾರ್ರು.

ಇದೇ ಮನೆಗಳ ಸೌದೆ ಕೊಟ್ಟಿಗೆ ನೋಡಿ. ಮೇಲೆ ಮಾಡು, ಸುತ್ತ ಗೋಡೆ ಇಲ್ಲ, ಕೆಳಗೆ ಕಲ್ಲಿಟ್ಟು ಅಡ್ಡಕ್ಕೆ ಎರಡು ಮರ, ಅದರ ಮೇಲೆ ಸೌದೆ. ಸುಡುವ ಮರಕ್ಕೆ ಗಾಳಿ ಬೇಕು ಅಂತ ಅಜ್ಜನ ಕಾಲದಿಂದ ಗೊತ್ತು. ದುಡ್ಡು ಕೊಟ್ಟು ತಂದ ಮರಕ್ಕೆ ಮಾತ್ರ ಉಸಿರು ಕಟ್ಟಿಸಬೇಕು!

"ತೇಗ ಅಲ್ವಾ, ಏನೂ ಆಗಲ್ಲ ಬಿಡಿ" ಅನ್ನುವವರು ಈಗ ಕಮೆಂಟಿಗೆ ಬರುತ್ತಾರೆ. ಆಗದೇ ಇರುವುದು ತೇಗದ ಚೇಗಿಗೆ, ಅಂದರೆ ನಡುವಿನ ಗಟ್ಟಿ ತಿರುಳಿಗೆ. ಅಂಚಿನ ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ, ಅದನ್ನು ಒರಲೆಯೂ ತಿನ್ನುತ್ತದೆ, ಮರ ಕೊರೆಯುವ ಕುಟ್ಟೆ ಹುಳವೂ ಹಿಡಿಯುತ್ತದೆ. ಎಳೆ ಪ್ಲಾಂಟೇಶನ್ ತೇಗದಲ್ಲಿ ಈ ಬಿಳಿಯ ಪಾಲೇ ಜಾಸ್ತಿ. ಅದಕ್ಕೆ ಕಂದು ಬಣ್ಣ ಬಳಿದು ಶೋರೂಮಿನಲ್ಲಿ ನಿಲ್ಲಿಸಿದರೆ ನಿಮಗೆ ಗೊತ್ತಾಗುವುದು ಹೇಗೆ? ಬೆಂಚನ್ನು ಮಗುಚಿ ನೋಡಿ. ಕೆಳಮೈಗೆ ಬಣ್ಣ ಬಳಿಯುವ ತಾಳ್ಮೆ ಎಷ್ಟೋ ಕಡೆ ಇರುವುದಿಲ್ಲ. ರಬ್ಬರ್ ಮರದ್ದನ್ನೂ "ಔಟ್‌ಡೋರ್ ಸೆಟ್" ಅಂತ ಮಾರುವುದುಂಟು. ಹುಳ ಹಿಡಿಯದಂತೆ ಬೋರಿಕ್ ಆಮ್ಲ, ಬೊರಾಕ್ಸ್ ಕುಡಿಸಿದ್ದರೂ ಮಳೆಗೆ ಅದು ತೊಳೆದು ಹೋಗುತ್ತದೆ. ರಬ್ಬರ್ ಮರ ಮನೆಯೊಳಗಿರಲಿ.

ಊರಲ್ಲೇ ಮಾಡಿಸುವುದಾದರೆ ಹಲಸು, ಹೆಬ್ಬಲಸು, ಹೊನ್ನೆಯ ಚೇಗು ಧಾರಾಳ ಸಾಕು. ಹೊನ್ನೆ ಹಸಿಯಾದರೆ ಬಣ್ಣ ಬಿಡುತ್ತದೆ. ಬಿಳಿ ಪಂಚೆ ಉಟ್ಟು ಕೂತವರು ನಿಮ್ಮನ್ನು ಮರೆಯುವುದಿಲ್ಲ. ಅಕೇಶಿಯಾ ನೆಟ್ಟು ಗುಡ್ಡ ಕೆಡಿಸಿದವರ ಮೇಲೆ ನನಗಿರುವ ಸಿಟ್ಟು ಬೇರೆ ವಿಷಯ, ಆದರೆ ಬೆಳೆದ ಮರದ ಚೇಗನ್ನು ಚೆನ್ನಾಗಿ ಆರಿಸಿದರೆ ಬೆಂಚಿಗೆ ಬರುತ್ತದೆ. ಹಸಿಯಲ್ಲಿ ಕೂಡಿಸಿದರೆ ಸೀಳುತ್ತದೆ. ಯಾವ ಮರವಾದರೂ ಒಂದಿಂಚಿನ ಹಲಗೆ ಗಾಳಿಯಲ್ಲಿ ಆರಲು ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಬೇಕು: ನೆರಳಲ್ಲಿ, ಹಲಗೆ ಹಲಗೆಯ ನಡುವೆ ರೀಪು ಕೊಟ್ಟು. ಸಾಮಿಲ್ಲಿನಿಂದ ತಂದು ಮರುವಾರವೇ ಕೂಡಿಸಿ ಅಂತ ಆಚಾರ್ರ ತಲೆ ತಿನ್ನಬೇಡಿ. ಐದಡಿ ಉದ್ದದ, ಬೆನ್ನು ಮತ್ತು ಕೈ ಇರುವ ಬೆಂಚಿಗೆ ಕತ್ತರಿಸಿ ಹೋಗುವುದೂ ಸೇರಿ ಎರಡೂಕಾಲು ಘನ ಅಡಿ ನಾಟ ಲೆಕ್ಕ ಹಾಕಿ.

ಬೆಂಚು ಸಾಯುವುದು ಕಾಲಿನಿಂದ. ಕಾಲಿನ ತಳ ಅಂದರೆ ಮರದ ಅಡ್ಡಕೊಯ್ತ, ಅಲ್ಲಿ ನಾಳಗಳೆಲ್ಲ ಬಾಯಿ ತೆರೆದಿರುತ್ತವೆ. ಹಸಿ ನೆಲಕ್ಕೆ ತಾಗಿದರೆ ನೀರು ಮೇಲಕ್ಕೆ ಏರುತ್ತದೆ. ಮಾಡಬೇಕಾದದ್ದು ಇಷ್ಟೆ: ಕಾಲನ್ನು ಮಗುಚಿ, ತಳಕ್ಕೆ ನೀರು ತಡೆಯುವ ತೆಳು ಎಪಾಕ್ಸಿ ಅಂಟು ಹಚ್ಚಿ, ಅದು ಕುಡಿದ ಮೇಲೆ ಇನ್ನೊಂದು ಸಲ ಹಚ್ಚಿ. ಒಣಗಿದ ಮೇಲೆ ಅರ್ಧ ಇಂಚು ದಪ್ಪದ ನೈಲಾನ್ ಬಿಲ್ಲೆಯನ್ನು ಒಂದೇ ಸ್ಕ್ರೂನಲ್ಲಿ ಕೂರಿಸಿ. ಪೇಟೆಯಲ್ಲಿ ಸಿಗುವ ರಬ್ಬರ್ ಬುಶ್ ಬೇಡ, ಕಾಲಿಗೆ ಟೊಪ್ಪಿಯ ಹಾಗೆ ತೊಡಿಸುತ್ತಾರಲ್ಲ, ಅದು. ಒಳಗೆ ನೀರು ಇಳಿದು ಅಲ್ಲೇ ನಿಲ್ಲುತ್ತದೆ, ಕಾಲು ಮಳೆಗಾಲ ಪೂರ್ತಿ ಆ ನೀರಿನಲ್ಲೇ ನಿಂತಿರುತ್ತದೆ. ಅದೂ ಟಾರ್ಪಾಲೇ, ಸಣ್ಣದು. ಹಳೆಯ ಮನೆಗಳ ಜಗಲಿ ಕಂಬಗಳು ಮಣ್ಣಿಗೆ ತಾಗದೆ ಕಲ್ಲಿನ ಮೇಲೆ ನಿಂತಿರುವುದು ಚಂದಕ್ಕೆ ಅಂದುಕೊಂಡಿರಾ?

ಕೂರುವ ಜಾಗಕ್ಕೆ ಅಗಲದ ಒಂದೇ ಹಲಗೆ ಬೇಡ. ಮೂರಿಂಚು ಅಗಲದ ಐದು ಪಟ್ಟಿ, ನಡುವೆ 6ರಿಂದ 8 ಮಿ.ಮೀ. ಸಂದು. ಮಳೆಗಾಲಕ್ಕೂ ಬೇಸಿಗೆಗೂ ಮೂರಿಂಚಿನ ಪಟ್ಟಿ ಒಂದು ಮಿ.ಮೀ.ನಷ್ಟು ಹಿಗ್ಗಿ ಕುಗ್ಗುತ್ತದೆ. ಸಂದು ಬಿಡದಿದ್ದರೆ ಒಂದನ್ನೊಂದು ದೂಡಿ ಚೌಕಟ್ಟನ್ನೇ ಬಿಡಿಸುತ್ತವೆ. ಪಟ್ಟಿಗಳ ಚೂಪು ಅಂಚನ್ನು ಹತ್ತರಿಯಲ್ಲಿ (ಮರ ಹೆರೆಯುವ ಉಳಿಪಟ್ಟಿಯಲ್ಲಿ) ಎರಡು ಎಳೆತ ಎಳೆದು ಮುರಿಯಿರಿ. ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್, ಮೊದಲು ತೂತು ಕೊರೆದೇ ಹಾಕುವುದು. ಕಬ್ಬಿಣದ ಮೊಳೆಯಾದರೆ ಮರದ ಒಗರಿಗೆ ಸೇರಿ ಸುತ್ತ ಕಪ್ಪು ಕಲೆ ಬರುತ್ತದೆ, ಆಮೇಲೆ ಅದು ಸುಲಭಕ್ಕೆ ಹೋಗುವುದಿಲ್ಲ. ಸಾಮಾನ್ಯ ಬಿಳಿ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ, ನೀರು ತಡೆಯುವ ಅಂಟು ಕೇಳಿ ತನ್ನಿ.

ಈಗ ವಾರ್ನಿಶ್. ನಿಜ ಹೇಳಿಬಿಡುತ್ತೇನೆ, ಹೊಳೆಯುವ ಬೆಂಚು ಕಂಡರೆ ನನಗೂ ಕೈ ಆಡಿಸುವ ಆಸೆ. ಆದರೆ ದಪ್ಪ ವಾರ್ನಿಶ್ ಅಂದರೆ ಬ್ರಷ್‌ನಲ್ಲಿ ಹೊದಿಸಿದ ಟಾರ್ಪಾಲು. ಮರ ಹಿಗ್ಗಿ ಕುಗ್ಗಿ ಮಾಡುವಾಗ ಆ ಪದರ ಸಂದಿನಲ್ಲಿ ಸಣ್ಣಗೆ ಬಿರುಕು ಬಿಡುತ್ತದೆ. ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಮೊದಲು ಕಪ್ಪು ಚುಕ್ಕಿ, ಆಮೇಲೆ ಸಿಪ್ಪೆ. ಮತ್ತೆ ಹಚ್ಚಬೇಕೆಂದರೆ ಪೂರ್ತಿ ಕೆರೆದು ತೆಗೆಯಬೇಕು. ಮೆಲಮೈನ್ ಪಾಲಿಶ್ ಅಂತೂ ಒಳಮನೆಯದು, ಹೊರಗೆ ಅದರ ಹೆಸರೇ ಬೇಡ.

ಎಣ್ಣೆ ಹಚ್ಚಿ. ಬರೀ ಹಸಿ ಅಗಸೆ ಎಣ್ಣೆ ಅಲ್ಲ, ಅದು ನಮ್ಮ ಹವೆಗೆ ಬೂಷ್ಟಿಗೆ ಊಟ ಬಡಿಸಿದ ಹಾಗೆ. ಬೂಷ್ಟು ತಡೆಯುವ ಮದ್ದು ಸೇರಿಸಿದ, ಹೊರಾಂಗಣಕ್ಕೆಂದೇ ಮಾಡಿದ ವುಡ್ ಆಯಿಲ್ ಸಿಗುತ್ತದೆ. 120 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಎಳೆಯ ಉದ್ದಕ್ಕೆ ಉಜ್ಜಿ, ಧೂಳು ಒರೆಸಿ, ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ. ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ ತೆಗೆಯಲೇಬೇಕು, ಇಲ್ಲದಿದ್ದರೆ ಅಂಟಂಟಾಗಿ ಉಳಿಯುತ್ತದೆ. ಒಂದು ದಿನ ಬಿಟ್ಟು ಇನ್ನೊಂದು ಕೈ. ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಇಂಥ ವುಡ್ ಆಯಿಲ್‌ನಲ್ಲೂ ಅಗಸೆ ಎಣ್ಣೆ ಇರುವುದುಂಟು, ಅದು ಆರುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತುವುದುಂಟು. ತಂತಿಯ ಮೇಲೆ ಬಿಡಿಸಿ ಹಾಕಿ.

"ಇಷ್ಟೆಲ್ಲ ಯಾಕೆ, ಸಿಮೆಂಟ್ ಬೆಂಚು ಹಾಕಿ ಕೈ ತೊಳ್ಕೊಳ್ಳಿ" ಅನ್ನುತ್ತಾರೆ ಕೆಲವರು. ಹಾಕಿಕೊಳ್ಳಿ. ಮಳೆಗಾಲವಿಡೀ ಹಾವಸೆ (ಪಾಚಿ) ಹಿಡಿದ, ಕೂತರೆ ಬೆನ್ನುಹುರಿಯವರೆಗೆ ಶೀತ ಏರುವ ಬಸ್‌ಸ್ಟ್ಯಾಂಡ್ ನಿಮ್ಮ ಮನೆ ಮುಂದೆಯೇ ಇರಲಿ.

ಇನ್ನು ಮುಚ್ಚಲೇಬೇಕು ಅನ್ನುವವರಿಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುವ ಮಳೆ, ಶಿವಮೊಗ್ಗ ಪೇಟೆಯದು ಅದರ ಕಾಲುಭಾಗವೂ ಇಲ್ಲ. ಪೇಟೆಯವರು ಬೆಂಚನ್ನು ಸೂರಿನಡಿ ಎಳೆದುಕೊಂಡರೆ ಮುಗಿಯಿತು. ಘಟ್ಟದ ಅಂಚಿನವರಿಗೆ ಸೂರಿನಡಿಗೂ ಇರಿಚಲು ಬರುತ್ತದೆ, ಒಪ್ಪಿದೆ. ಅಂಥವರು ನಾಲ್ಕು ಕಂಬ ನೆಟ್ಟು, ಬೆಂಚಿನ ಬೆನ್ನಿಗಿಂತ ಎರಡಡಿ ಮೇಲೆ, ಒಂದು ಕಡೆಗೆ ಇಳಿಜಾರು ಕೊಟ್ಟು ಅದೇ ನೀಲಿ ಟಾರ್ಪಾಲು ಕಟ್ಟಿ. ಸುತ್ತ ತೆರೆದಿರಲಿ. ಹಾವಸೆ ಕಟ್ಟಿದರೆ ತೆಂಗಿನ ನಾರು, ಸೋಪಿನ ನೀರು ಸಾಕು. ಬೈಕ್ ತೊಳೆಯುವ ಪ್ರೆಶರ್ ಪಂಪು ಹಿಡಿದರೆ ಮೆತ್ತನೆಯ ಎಳೆಯೆಲ್ಲ ಕಿತ್ತು ಬರುತ್ತದೆ. ಬಿಸಿಲಿಗೆ ತೇಗ ಬೂದಿ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಮೇಲ್ಪದರದ್ದು ಮಾತ್ರ. ಅನುಮಾನ ಇದ್ದರೆ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿ, ಇಳಿದರೆ ಕೊಳೆತಿದೆ, ಇಳಿಯದಿದ್ದರೆ ಗಟ್ಟಿ ಇದೆ.

ಮತ್ತೆ, ಅಂಗಡಿಯಿಂದ ಬಂದಾಗ ಕುರ್ಚಿಯ ಕೈಗೆ ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ತೆಗೆಯದೆ ಉಳಿಸಿಕೊಂಡವರು ಈ ಪೋಸ್ಟಿಗೆ ಲೈಕ್ ಒತ್ತುವುದು ಬೇಡ. ಮೊದಲು ಎದ್ದು ಹೋಗಿ ಅದನ್ನು ಕಿತ್ತು ಬನ್ನಿ.