ಹಾಳೆಯ ಹಿಂದಿದ್ದ ಅಜ್ಜಿ

ಮೊನ್ನೆ ಸಂಜೆ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಮಗಳು ಪಿಜಿ ಹಾಸ್ಟೆಲ್ ಸೇರುತ್ತಿದ್ದಾಳೆ, ಅಲ್ಲಿ ಆಧಾರ್ ಕಾಪಿ ಕೇಳಿದ್ದರು. ಅಂಗಡಿಯವರು ಲೆಕ್ಕ ಕೂಡೋಕೆ ರದ್ದಿ ರಾಶಿಯಿಂದ ಒಂದು ಹಾಳೆ ಎಳೆದು, 18 ರೂಪಾಯಿ ಅಂತ ಬರೆದು ನನ್ನ ಕಡೆ ತಳ್ಳಿದರು. ಸುಮ್ನೆ ತಿರುಗಿಸಿ ನೋಡಿದೆ. ಮಸಿ ಜಾಸ್ತಿಯಾಗಿ ಕೆಟ್ಟುಹೋದ ಆಧಾರ್ ಕಾಪಿ! ಯಾರೋ ಒಬ್ಬ ಅಜ್ಜಿಯ ಮುಖ. ಮನೆ ವಿಳಾಸ, 12 ಅಂಕಿ, ಎಲ್ಲ ಸರಿಯಾಗಿ ಓದೋಕೆ ಬರುತ್ತಿತ್ತು.

ಕೈಯಲ್ಲಿದ್ದ ಮಗಳ ಕಾಪಿ ನೋಡಿ ಹೊಟ್ಟೆ ತೊಳೆಸಿದ ಹಾಗಾಯಿತು.

ಇದೇ ಬೆಂಗಳೂರಿನಲ್ಲಿ ಕೆ.ಎಸ್. ಪುಟ್ಟಸ್ವಾಮಿ ಅಂತ ಒಬ್ಬ ಹಿರಿಯರಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಯಾರಿಗೆ ಬೇಕಿತ್ತು ಹೇಳಿ? 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು, ಖಾಸಗಿತನ ಮೂಲಭೂತ ಹಕ್ಕು ಅಂತ. ಮರುವರ್ಷ ಇನ್ನೊಂದು ತೀರ್ಪು ಬಂತು. ಸಿಮ್‌ಗೆ, ಬ್ಯಾಂಕ್ ಖಾತೆಗೆ, ಶಾಲೆ ಸೇರಿಸೋಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ. 2024ರಲ್ಲಿ ಆ ಹಿರಿಯರು ತೀರಿಕೊಂಡರು. ಅವರು ಗೆದ್ದುಕೊಟ್ಟಿದ್ದನ್ನು ನಾವು ಕೌಂಟರ್ ಕೌಂಟರಿನಲ್ಲಿ ಬಿಟ್ಟುಕೊಡುತ್ತಿದ್ದೇವೆ. ಔಷಧಿ ಅಂಗಡಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ಫೋನ್ ನಂಬರ್ ಕೇಳಿದರೆ ಯೋಚನೆಯೇ ಮಾಡದೆ ಒದರುತ್ತೇವೆ. ಹಿಂದೆ ಕ್ಯೂ ಇರುತ್ತಲ್ಲ, ಜಗಳ ಯಾರಿಗೆ ಬೇಕು ಅಂತ.

ನಮಗಾದರೂ ಬೇಡ ಅನ್ನೋ ಬಾಯಿ ಇದೆ. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನಿಗೆ ಅದೂ ಇಲ್ಲ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಅವರ ಫೋಟೊ ತೆಗೆದಿದ್ದಾರೆ. ಬಂದ ಹೊತ್ತು, ಹೋದ ಹೊತ್ತು ಎಲ್ಲ ಆಪ್‌ನಲ್ಲಿ ಬೀಳುತ್ತದೆ. ಯಾರ ಮನೆಯಲ್ಲಿ ಎಷ್ಟು ಹೊತ್ತಿದ್ದರು ಅಂತ ಎಲ್ಲರಿಗೂ ಗೊತ್ತು. ಅವರಿಗೆ ಸ್ಟಾರ್ ಬೇರೆ ಕೊಡಬೇಕಂತೆ. ಒಂದು ದಿನ ಪಾತ್ರೆ ತೊಳೆಯುತ್ತಾ ಕೇಳಿದರು, "ಅಕ್ಕಾ, ಅದ್ರಲ್ಲಿ ನನ್ ಬಗ್ಗೆ ಏನ್ ಬರ್ದವ್ರೆ, ಒಸಿ ಓದಿ ಹೇಳಿ." ನನಗೆ ತಲೆ ಎತ್ತಿ ಅವರ ಮುಖ ನೋಡೋಕಾಗಲಿಲ್ಲ. ಅವರನ್ನು ಕೇಳದೆ ಅವರ ಬದುಕನ್ನು ನಾವು ನೂರಾರು ಫ್ಲ್ಯಾಟಿನವರು ಹಂಚಿಕೊಂಡಿದ್ದೇವೆ. ನಾನೂ ಸೇರಿ.

ಮುಚ್ಚಿಡೋಕೆ ಏನೂ ಇಲ್ಲದಿದ್ದರೆ ಭಯ ಯಾಕೆ ಅಂತ ಕೇಳುವವರಿದ್ದಾರೆ. ಬಚ್ಚಲುಮನೆ ಚಿಲಕ ಹಾಕಿಕೊಳ್ಳುವವರೆಲ್ಲ ಕಳ್ಳರಾ? ನನ್ನದು ನನ್ನದು ಅನ್ನೋಕೆ ಕಾರಣ ಕೊಡಬೇಕಾಗಿ ಬಂತಲ್ಲ, ನನಗೆ ಸಂಕಟ ಆಗೋದು ಅಲ್ಲೇ.

ಮನೆಗೆ ಬಂದು ಮಗಳ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವಂಥದ್ದು. ಪಿಜಿಯವರಿಗೆ ತೋರಿಸಿದರೆ, "ಎಲ್ರೂ ಫುಲ್ ಕೊಡ್ತಾರೆ ಮೇಡಂ, ನಿಮಗೊಬ್ರಿಗೆ ಏನ್ ಪ್ರಾಬ್ಲಂ?" ಅಂದರು. ಮಗಳು ಮೆಲ್ಲಗೆ, "ಬಿಡಮ್ಮಾ, ಕೊಟ್ಬಿಡೋಣ" ಅಂದಳು. ಇನ್ನೂ ಕೊಟ್ಟಿಲ್ಲ. ನಾಳೆ ಮತ್ತೆ ಹೋಗಿ ಮಾತಾಡುತ್ತೇನೆ.

ಆ ಅಜ್ಜಿಯ ಹಾಳೆಯನ್ನು ತಂದು ಸಣ್ಣಗೆ ಹರಿದು ಹಾಕಿದೆ. ರಾಶಿ ಮಾತ್ರ ಅಲ್ಲೇ ಅಂಗಡಿಯಲ್ಲಿದೆ.